ಹೊಲಿಗೆ ಯಂತ್ರದ ಮೇಲಿನ ಕೆಂಪು ಬಾವುಟ

ಶನಿವಾರ ರಾತ್ರಿ ಎರಡು ಗಂಟೆಗೆ ಮನೆಯ ಹಿಂದೆ ‘ಕಟಕ್’ ಎಂದು ಸಣ್ಣ ಸದ್ದಾಯಿತು. ಊರಿನ ಚರಂಡಿ ಪಂಪ್ ನೋಡಿಕೊಳ್ಳುವ ಆಪರೇಟರನ ಹೆಂಡತಿಗೆ ಎಚ್ಚರವಾಯಿತು. ಆ ಸದ್ದಿನ ಅರ್ಥ ಅವಳಿಗೆ ಗೊತ್ತಿತ್ತು. ಪಂಪ್ ಕಟ್ಟಿಕೊಂಡಿದೆ, ಊರಿನ ಕಕ್ಕಸಿನ ನೀರೆಲ್ಲ ಪಂಪಿನ ಬಾವಿಯಲ್ಲಿ ತುಂಬಿದೆ, ಗಂಡ ತೂಬು ಎತ್ತಿ ಅದನ್ನು ಸಮುದ್ರಕ್ಕೆ ಬಿಟ್ಟಿದ್ದಾನೆ.

ಅವನು ಒಳಗೆ ಬಂದು ಮೂರು ಸಲ ಸೋಪು ಹಚ್ಚಿ ಕೈ ತೊಳೆದ.

“ಮತ್ತೆ ಬಟ್ಟೆ ಚೂರು, ಪ್ಯಾಡು. ಬಕೆಟ್ ತುಂಬ ತೆಗೆದೆ. ಜನಕ್ಕೆ ಕಕ್ಕಸು ಅಂದ್ರೆ ಕಸದ ಬುಟ್ಟಿ.”

“ಬಾವುಟ ಹಾರಿಸಲ್ವಾ?”

“ಬೆಳಗಾದ್ರೆ ಭಾನುವಾರ. ದಡದ ಅಂಗಡಿಯವರು ನನ್ನ ಚರ್ಮ ಸುಲೀತಾರೆ. ಬಿಟ್ಟಿದ್ದು ಅರ್ಧ ಗಂಟೆ. ಅಷ್ಟು ದೊಡ್ಡ ಸಮುದ್ರಕ್ಕೆ ಇದ್ಯಾವ ಲೆಕ್ಕ ಕಣೆ?”

ತೂಬು ಎತ್ತಿದರೆ ಕಚೇರಿಗೆ ಫೋನ್ ಮಾಡಬೇಕು, ದಡದ ಕಂಬಕ್ಕೆ ಕೆಂಪು ಬಾವುಟ ಏರಿಸಬೇಕು. ನಿಯಮ ಅಷ್ಟೇ. ಆದರೆ ಹಿಂದಿನ ಸಲ ಏರಿಸಿದ್ದಾಗ ಉಪ್ಪುಗಾಳಿಗೆ ಬಾವುಟದ ಅಂಚು ಕಿತ್ತುಬಂದಿತ್ತು. ಒಳ್ಳೆಯ ಬಟ್ಟೆ ಹಾಳಾಗುತ್ತದೆಂದು ಹೆಂಡತಿಯೇ ಅದನ್ನು ಇಳಿಸಿ ತಂದು, ಅಂಚು ಹೊಲಿದು, ಇಸ್ತ್ರಿ ಮಾಡಿ, ಹೊಲಿಗೆ ಯಂತ್ರಕ್ಕೆ ಹೊದಿಸಿದ್ದಳು. ಇಡೀ ಊರಿನಲ್ಲಿ ಆ ಬಾವುಟವೊಂದೇ ಸುರಕ್ಷಿತವಾಗಿತ್ತು.

ಬೆಳಿಗ್ಗೆ ಪಕ್ಕದ ಮನೆಯ ಆರು ವರ್ಷದ ಹುಡುಗಿ ಟವೆಲ್ ಹೊದ್ದು ಗೇಟಿನ ಹತ್ತಿರ ನಿಂತಿದ್ದಳು. ಭಾನುವಾರ ಅವಳೂ ಆಪರೇಟರನ ಮಗಳೂ ಒಟ್ಟಿಗೇ ಈಜಲು ಹೋಗುವುದು ರೂಢಿ.

“ಇವತ್ತು ಬೇಡ,” ಎಂದು ಆಪರೇಟರನ ಹೆಂಡತಿ ಮಗಳನ್ನು ಒಳಗೆಳೆದಳು. “ನಿನಗೆ ನೆಗಡಿ.”

“ನನಗೆಲ್ಲಮ್ಮ ನೆಗಡಿ?”

“ಬರತ್ತೆ. ಸುಮ್ಮನೆ ಮಲಕ್ಕೋ.”

ಪಕ್ಕದ ಮನೆಯ ಹುಡುಗಿ ತನ್ನ ತಾಯಿಯ ಕೈಹಿಡಿದು ಸಮುದ್ರಕ್ಕೆ ಹೋದಳು. ಆಪರೇಟರನ ಹೆಂಡತಿ ಕಿಟಕಿಯಿಂದ ನೋಡಿದಳು. ಒಂದು ಕೂಗು ಸಾಕಿತ್ತು. ಕೂಗಲಿಲ್ಲ.

ಸೋಮವಾರ ಆ ಹುಡುಗಿಗೆ ವಾಂತಿ, ಭೇದಿ. ರಾತ್ರಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು.

ಮಂಗಳವಾರ ಆಸ್ಪತ್ರೆಯ ನರ್ಸ್ ನೇರವಾಗಿ ಆಪರೇಟರನ ಮನೆಗೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಒಂಬತ್ತು ಮಕ್ಕಳು. ಎಲ್ಲಾ ಭಾನುವಾರ ನೀರಿಗಿಳಿದವರು. ತೂಬು ಎತ್ತಿದ್ರಾ ಅಣ್ಣ?”

“ಉಪ್ಪುನೀರಲ್ಲಿ ಯಾವ ಕ್ರಿಮಿ ಬದುಕತ್ತೆ ಸಿಸ್ಟರ್?”

“ಒಂದು ಲೋಟ ತಂದುಕೊಡ್ತೀನಿ, ಕುಡೀತೀರಾ?”

ಅವನು ಖಾಲಿ ಕುರ್ಚಿಯನ್ನು ಗೋಡೆಗೆ ಸರಿಸಿದ.

“ಉಪ್ಪು ಅದನ್ನ ತಕ್ಷಣ ಕೊಲ್ಲಲ್ಲ. ದಡದಲ್ಲಿ ಬಿಟ್ಟ ನೀರು ದೂರಾನೂ ಹೋಗಲ್ಲ, ಅಲೆ ಅದನ್ನೇ ತಂದು ಮಕ್ಕಳ ಬಾಯಿಗೆ ಹಾಕತ್ತೆ. ನೀರು ಎಷ್ಟೇ ತಿಳಿಯಾಗಿ ಕಾಣಲಿ, ಕಡಿಮೆ ಅಂದ್ರೂ ಎರಡು ದಿನ ಇಳೀಬಾರದು, ಪರೀಕ್ಷೆಯಲ್ಲಿ ಸರಿ ಅಂತ ಬರಬೇಕು. ತೂಬು ಎತ್ತಿದ್ದಕ್ಕೆ ನಾನು ಬೈತಿಲ್ಲ. ಎತ್ತದಿದ್ರೆ ಮನೆಯೊಳಗೆ ಉಕ್ಕತ್ತೆ, ಗೊತ್ತು. ಮುಚ್ಚಿಟ್ರಲ್ಲ, ಅದಕ್ಕೆ ಹೊಟ್ಟೆ ಉರೀತಿದೆ.”

ಅವಳ ಕಣ್ಣು ಹೊಲಿಗೆ ಯಂತ್ರದ ಮೇಲೆ ಬಿತ್ತು. “ಇಸ್ತ್ರಿ ಚೆನ್ನಾಗಿ ಮಾಡಿದ್ದೀರಿ ಅಕ್ಕ.”

ಅರ್ಧ ಗಂಟೆಯಲ್ಲಿ ಬಾವುಟ ಕಂಬದ ಮೇಲಿತ್ತು. ಆಪರೇಟರ್ ಕಚೇರಿಗೆ ಫೋನ್ ಮಾಡಿ, ಬೈಸಿಕೊಂಡ. ಈಗ ತೂಬಿಗೆ ಕೈ ಹಾಕುವ ಮೊದಲೇ ಬಾವುಟ ಏರಿಸುತ್ತಾನೆ. ಅಂಗಡಿಯವರು ಜಗಳಕ್ಕೆ ಬಂದರೆ, “ನಿಮ್ಮ ಮಕ್ಕಳನ್ನ ಇಳಿಸಿ, ಆಮೇಲೆ ಮಾತಾಡಿ,” ಎನ್ನುತ್ತಾನೆ.

ಇದನ್ನು ಓದುತ್ತಿರುವವರೇ, ಕಕ್ಕಸಿಗೆ ಬಟ್ಟೆ, ಪ್ಯಾಡು ಹಾಕಬೇಡಿ. ಅದು ಮಾಯವಾಗುವುದಿಲ್ಲ, ಪಂಪಿಗೆ ಸುತ್ತಿಕೊಳ್ಳುತ್ತದೆ. ನೀರಿಗಿಳಿಯುವ ಮುಂಚೆ ಕಂಬ ನೋಡಿ. ಬಾವುಟ ಇಲ್ಲವೆಂದು ನೆಮ್ಮದಿಯಿಂದ ಇರಬೇಡಿ. ತೂಬು ಎತ್ತಿದ್ದು ಯಾವಾಗ, ನೀರಿನ ಪರೀಕ್ಷೆಯ ಫಲಿತಾಂಶ ಎಲ್ಲಿ ಎಂದು ಕೇಳಿ. ಉತ್ತರ ಸಿಗುವವರೆಗೆ ಮಗುವಿನ ಕೈ ಬಿಡಬೇಡಿ. ನಿಮಗೇ ಗೊತ್ತಿದ್ದರೆ, ಹೇಳಿ. ಆ ಕ್ಷಣವೇ ಹೇಳಿ. ಆಮೇಲೆ ಬಾಯಿ ಬರುವುದಿಲ್ಲ.

ಐದನೆಯ ದಿನ ಪಕ್ಕದ ಮನೆಯ ಹುಡುಗಿ ಮನೆಗೆ ಬಂದಳು. ಟವೆಲ್ ಒಣಹಾಕುತ್ತಾ ಅವಳ ತಾಯಿ ಹೇಳಿದಳು:

“ನಾನೇ ಕೈಹಿಡಿದು ಕರ್ಕೊಂಡು ಹೋದೆ ಅಕ್ಕ. ಆದ್ರೆ ಯಾರಿಗೆ ಗೊತ್ತಿತ್ತು ಹೇಳಿ? ಪುಣ್ಯ, ಅವತ್ತು ನಿಮ್ಮವಳಿಗೆ ನೆಗಡಿ.”

“ಹೌದು,” ಎಂದಳು ಆಪರೇಟರನ ಹೆಂಡತಿ. ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಆ ನೆಗಡಿ ಸುಳ್ಳೆಂದು ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ನಿಂತು ತೀರ್ಮಾನಿಸಿದಳು.