ಹುಳುಮನೆಯ ಲ್ಯಾಬು

ಸುಗಟೂರಿನ ತೇಜಸ್ವಿನಿಗೆ ಸೋಮವಾರ ಪರೀಕ್ಷೆ. ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಕೈಗೆ ಬಂದರೆ ಅವಳು ದುಡಿಯುವ ಮಾಲೂರಿನ ಕಾರ್ಖಾನೆಯ ಸರ್ವರ್ ರೂಮಿನಲ್ಲಿ ಕಾಯಂ ನೌಕರಿ. ಬರದಿದ್ದರೆ ತಿಂಗಳ ಕೊನೆಗೆ ಗುತ್ತಿಗೆ ಮುಗಿಯಿತು, ಮನೆಗೆ ನಡಿ. ಇದಕ್ಕೆಂದೇ ಬೆಂಗಳೂರಿನ ಗುಜರಿ ಅಂಗಡಿಗಳನ್ನು ಸುತ್ತಿ ಎರಡು ಹಳೆ ರೂಟರು, ಮೂರು ಸ್ವಿಚ್ಚು ತಂದಿದ್ದಳು. ರೇಷ್ಮೆಹುಳು ಸಾಕುವ ಹುಳುಮನೆ ಖಾಲಿ ಬಿದ್ದಿತ್ತು; ಅಲ್ಲಿ ಹುಳುವಿನ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಮೇಲೆ ಲ್ಯಾಬು ಕಟ್ಟಿಕೊಂಡು ಮೂರು ತಿಂಗಳು ಅಭ್ಯಾಸ ಮಾಡಿದ್ದಳು. ಇನ್ನೊಂದೇ ಪಾಠ ಬಾಕಿ: ಒಂದು ದಾರಿ ಕಡಿದುಹೋದರೆ ತಾನಾಗಿಯೇ ಬೇರೆ ದಾರಿ ಹಿಡಿಯುವಂತೆ ರೂಟರಿಗೆ ಹೇಳಿಕೊಡುವುದು.

ಬುಧವಾರ ಅಣ್ಣ ಸುಬ್ರಮಣಿ ಹೇಳದೆ ಕೇಳದೆ ಚಾಕಿ ಹುಳು ತಂದ. ಆ ಮರಿಹುಳುಗಳಿಗೆ ಚಳಿ ಆಗದು. ಹುಳುಮನೆಗೆ ಕಾಲಿಟ್ಟವನು ರೂಟರಿನ ಮೇಲೆ ಕೈಯಿಟ್ಟು ನೋಡಿ ಹಿಗ್ಗಿಹೋದ.

"ಲೇ, ಏನ್ ಕಾವು ಕೊಡ್ತವೆ ನಿನ್ ಡಬ್ಬಗಳು! ಆರಿಸ್ಬೇಡ ಕಣಮ್ಮ, ಹಂಗೇ ಉರೀಲಿ."

ಮೂರು ತಿಂಗಳಲ್ಲಿ ಆ ಡಬ್ಬಗಳ ಬಗ್ಗೆ ಮನೆಯವರು ಆಡಿದ ಮೊದಲ ಒಳ್ಳೆ ಮಾತು ಅದು. ತೇಜಸ್ವಿನಿ ಉಬ್ಬಿಹೋದಳು. ಪಾಪದ ಹುಡುಗಿ, ಏನು ಬರಲಿದೆಯೋ ತಿಳಿಯದು.

ಗುರುವಾರ ಬೆಳಗ್ಗೆ ಅವಳು ಮುಟ್ಟಾದಳು. ಮುಟ್ಟಾದವರು ಐದು ದಿನ ಹುಳುಮನೆಯ ಹೊಸಿಲು ದಾಟುವಂತಿಲ್ಲ; ದಾಟಿದರೆ ಹುಳು ಸಾಯುತ್ತವಂತೆ. ಮುಚ್ಚಿಡೋಣವೆಂದರೆ ಅತ್ತಿಗೆ ಸರಳಾ ಬಿಡಬೇಕಲ್ಲ! ಆ ಮಹಾತಾಯಿ ನಾದಿನಿಯ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಳು. ಹೋದ ಬೆಳೆಯಲ್ಲಿ ಸರಳಾಳೇ ತಾನು ಮುಟ್ಟಾದದ್ದನ್ನು ಎರಡು ದಿನ ಮುಚ್ಚಿಟ್ಟು ಹುಳುಗಳಿಗೆ ಸೊಪ್ಪು ಹಾಕಿದ್ದು ತೇಜಸ್ವಿನಿಗೆ ಗೊತ್ತಿತ್ತು. ಅತ್ತಿಗೆಯ ಮರ್ಯಾದೆ ಹೋಗಬಾರದೆಂದು ಆಗ ಬಾಯಿ ಬಿಟ್ಟಿರಲಿಲ್ಲ.

"ಅಣ್ಣ, ಹಂಗಾದ್ರೆ ಡಬ್ಬಗಳ್ನ ಜಗಲಿಗಾದ್ರೂ ತಂದಿಡು. ಸೋಮವಾರ ಪರೀಕ್ಷೆ."

"ಹುಳಕ್ಕೆ ಕಾವು ಯಾರ್ ಕೊಡ್ತಾರೆ, ನಿಮ್ಮ ಪರೀಕ್ಷೆಯೋರಾ?"

ತಾಯಿ ಚಿಕ್ಕವೆಂಕಟಮ್ಮ ಸೊಪ್ಪು ಹೆಚ್ಚುತ್ತಾ ಕೂತಿದ್ದಳು. ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡಳು.

ತೇಜಸ್ವಿನಿ ಅತ್ತು ಸುಮ್ಮನಾಗುವ ಜಾತಿಯವಳಲ್ಲ. ಲ್ಯಾಪ್‌ಟಾಪ್ ಹಿಡಿದು ಹುಳುಮನೆಯ ಕಿಟಕಿಯ ಹೊರಗೆ ಕೂತಳು. ವೈಫೈ ಸಿಕ್ಕಿತು. ಒಳಗಿನ ರೂಟರಿಗೆ ಹೊರಗಿನಿಂದಲೇ ಆಜ್ಞೆ ಕೊಡತೊಡಗಿದಳು. ಶುಕ್ರವಾರ ಸಂಜೆಯ ಹೊತ್ತಿಗೆ ಪಾಠ ಅರ್ಧ ಕೈಗೆ ಹತ್ತಿತ್ತು. ಸರಳಾ ಬಂದು ಹಿಂದೆ ನಿಂತಿದ್ದು ಗೊತ್ತೇ ಆಗಲಿಲ್ಲ.

"ನೀನಿಲ್ಲಿ ಒತ್ತಿದ್ರೆ ಅಲ್ಲಿ ದೀಪ ಮಿಣುಕ್ತಾವಲ್ಲೇ!"

"ಹೌದು ಅತ್ಗೆ. ಒಳಗೆ ಹೋಗೋದೇ ಬೇಡ," ಎಂದಳು ತೇಜಸ್ವಿನಿ, ಹೆಮ್ಮೆಯಿಂದ.

ಸರಳಾ ಅಲ್ಲಿಂದಲೇ ಕೂಗಿದಳು. "ರೀ, ಬನ್ರೀ ಇಲ್ಲಿ! ಬಟ್ಟೆ ಹಿಡಿದ್ರೆ ಮೈಲಿಗೆ ಹತ್ತುತ್ತೆ, ಚೊಂಬು ಹಿಡಿದ್ರೆ ಹತ್ತುತ್ತೆ, ಇದು ಹತ್ತಲ್ವಾ? ಎರಡು ದಿನದಿಂದ ಹುಳುಮನೆ ಪೂರಾ ಮೈಲಿಗೆ ಮಾಡವ್ಳೆ!"

ಸುಬ್ರಮಣಿ ತಂಗಿಯ ಮುಖ ನೋಡಿದ. "ಬಾಗಿಲಿಗೆ ಬರ್ಬೇಡ ಅಂದ್ರೆ ಕಿಟಕೀಲಿ ಬಂದ್ಯೇನೇ?" ಎಂದವನೇ ಒಂದು ಚೊಂಬು ಗಂಜಲ ತಂದ. ತೇಜಸ್ವಿನಿ ಕಿಟಕಿಯ ಸರಳು ಹಿಡಿದು ಕಿರುಚಿದಳು, "ಅಣ್ಣ, ಕರೆಂಟೈತೆ! ಬೇಡಣ್ಣ, ನಿನ್ ಕಾಲ್ ಹಿಡಿತೀನಿ!" ಅವನು ಮೊದಲು ಮೇನ್ ಆರಿಸಿದ, ತನ್ನ ಜೀವದ ಮೇಲೆ ಆಸೆ ಇತ್ತು. ಆಮೇಲೆ ಐದೂ ಡಬ್ಬಗಳಿಗೆ, ಒಂದೂ ಬಿಡದೆ, ನಿಧಾನವಾಗಿ ಪ್ರೋಕ್ಷಣೆ ಮಾಡಿದ. ಮತ್ತೆ ಮೇನ್ ಹಾಕಿದಾಗ ಚಟಚಟ ಎಂದು ಒಂದರ ಹಿಂದೊಂದು ಸುಟ್ಟುಹೋದವು.

"ಈಗ ಶುದ್ಧ ಆಯ್ತು," ಎಂದಳು ಸರಳಾ.

ಆಗ ಚಿಕ್ಕವೆಂಕಟಮ್ಮ ಎದ್ದಳು. ಮಗಳ ಕಡೆಗಲ್ಲ, ಹುಳುಗಳಿಗೆ ಚಳಿಯಾದೀತೆಂದು ಬಾಣಲಿ ತುಂಬ ಕೆಂಡ ಮಾಡಿಕೊಂಡು ಹುಳುಮನೆಗೆ ನಡೆದಳು.

ಸೋಮವಾರ ತೇಜಸ್ವಿನಿ ಪರೀಕ್ಷೆಗೆ ಹೋಗಿಬಂದಳು. ಅರ್ಧಕ್ಕೆ ನಿಂತ ಪಾಠದ್ದೇ ಎರಡು ದೊಡ್ಡ ಪ್ರಶ್ನೆ. ನಪಾಸು ಎಂದು ಕಂಪ್ಯೂಟರು ಅಲ್ಲೇ ಹೇಳಿತು. ಫಲಿತಾಂಶವನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ.

ಮಂಗಳವಾರ ತಲೆಗೆ ನೀರು ಹಾಕಿಕೊಂಡು ಬಂದವಳ ಕೈಗೆ ಸರಳಾ ಸೊಪ್ಪಿನ ಬುಟ್ಟಿ ಕೊಟ್ಟಳು. "ಇನ್ನು ಒಳಗೆ ಹೋಗ್ಬೋದು."

ಹುಳುಗಳು ಒಂದೂ ಸತ್ತಿರಲಿಲ್ಲ. ತೇಜಸ್ವಿನಿಗೆ ಅವೆಲ್ಲವನ್ನೂ ಕಾಲಲ್ಲಿ ಹೊಸಕಿಹಾಕುವಷ್ಟು ಸಿಟ್ಟು ಬಂತು, ಸೊಪ್ಪು ಹಾಕಿದಳು. ಸುಬ್ರಮಣಿ ಬಾಗಿಲಲ್ಲಿ ನಿಂತು ಕೆಂಡದ ಹೊಗೆಗೆ ಕೆಮ್ಮಿದ.

"ನಿನ್ ಡಬ್ಬಗಳೇ ವಾಸಿ ಕಣಮ್ಮ, ಹೊಗೆ ಇರ್ಲಿಲ್ಲ," ಎಂದ ಅಕ್ಕರೆಯಿಂದ. "ಮುಂದಿನ ಬೆಳೆಗೆ ಇನ್ನೊಂದೈದು ತಂದ್ಬಿಡು."