ಮುಟ್ಟದೆ ನಿಂತವಳು

ಹಾಗಲವಾಡಿ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಪ್ರೇಮಲತಾ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಗಂಡ ಕನಕರಾಜು ತೀರಿಕೊಂಡ ಮೇಲೆ ಹಿಡಿದ ಕೆಲಸ. ಹಿಂದಿನ ಮಳೆಗಾಲದಲ್ಲಿ ಅವನು ತೋಟದಿಂದ ನೆನೆದು ಬಂದು, ಒದ್ದೆ ಪಂಚೆಯನ್ನು ಬಟ್ಟೆ ಒಣಹಾಕುವ ತಂತಿಯ ಮೇಲೆ ಹರವಲು ಹೋಗಿದ್ದ. ಕಂಬದಿಂದ ಮನೆಗೆ ಬರುವ ವೈರು ಸವೆದು ಆ ತಂತಿಗೆ ತಗುಲಿಕೊಂಡಿತ್ತು. ಹಿಡಿದ ಕೈ ಬಿಡಲಾಗದೆ ಅವನು ಒದ್ದಾಡುವಾಗ ಪ್ರೇಮಲತಾ ಬಾಗಿಲಲ್ಲೇ ಇದ್ದಳು. ಕಿರುಚಿದಳೇ ಹೊರತು ಕಾಲು ಮುಂದಕ್ಕೆ ಏಳಲಿಲ್ಲ. ಜನ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅತ್ತೆ ರಂಗಲಕ್ಷ್ಮಮ್ಮ ಸೊಸೆಯನ್ನು ಎದುರಿಗೆ ಬೈದವಳಲ್ಲ. ನೆಂಟರು ಬಂದಾಗ ಮಾತ್ರ ಅದೇ ಮಾತು: "ಒಂದ್ಸಲ ಹಿಡ್ದು ಎಳ್ದಿದ್ರೆ ನನ್ ಮಗ ಉಳ್ಕತಿದ್ದ." ಪ್ರೇಮಲತಾ ಕೇಳಿಸಿಕೊಂಡೇ ಲೋಟ ತೊಳೆಯುವಳು. ಅದು ಸುಳ್ಳೆನ್ನುವ ಧೈರ್ಯ ಅವಳಿಗೂ ಇರಲಿಲ್ಲ.

ಒಂದು ದಿನ, ಗುಬ್ಬಿಯಿಂದ ಬರುವ ವಿಜ್ಞಾನದ ಸುಮನಾ ಮೇಡಂ ಪಾಠಕ್ಕೆಂದು ಸ್ಟೀಲ್ ಚಮಚ, ಮರದ ಸೌಟು ಕೇಳಿದರು. ಕೊಡಲು ಹೋದ ಪ್ರೇಮಲತಾ ತರಗತಿಯ ಬಾಗಿಲಲ್ಲೇ ನಿಂತಳು. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತು, ಟಾರ್ಚಿನ ಸೆಲ್ಲಿಗೆ ವೈರು ಅಂಟಿಸಿ ಪುಟ್ಟ ಬಲ್ಬು ಹೊತ್ತಿಸುತ್ತಿದ್ದರು. ಅವಳ ಮಗಳು ಯಶಸ್ವಿನಿ ಮಾತ್ರ ಕೈಗಳನ್ನು ಮಡಿಲಲ್ಲಿ ಹುದುಗಿಸಿಕೊಂಡಿದ್ದಳು. ಮೇಡಂ ಬಲವಂತ ಮಾಡಲಿಲ್ಲ. ಅವಳ ಪಕ್ಕದಲ್ಲೇ ಕೂತು, ವೈರನ್ನು ಒಂದು ಕಡೆ ಬಿಡಿಸಿ ನಡುವೆ ಚಮಚ ಇಟ್ಟರು. ಬಲ್ಬು ಹೊತ್ತಿತು. ಸೌಟು ಇಟ್ಟರು. ಹೊತ್ತಲಿಲ್ಲ.

"ಈ ಸೆಲ್ಲು ಮುಟ್ಟಿದ್ರೆ ಏನೂ ಆಗಲ್ಲ. ಮನೆ ಕರೆಂಟ್ ಹಂಗಲ್ಲ, ನಮ್ಮ ಮೈಯೊಳಗೂ ಹರಿಯುತ್ತೆ. ಹೊಡೆಸಿಕೊಂಡವರನ್ನ ಬರಿಗೈಲಿ ಎಳೆದ್ರೆ ಎಳೆದವರಿಗೂ ಹೊಡೆಯುತ್ತೆ. ಮೊದಲು ಮೇನ್ ಆಫ್ ಮಾಡ್ಬೇಕು. ಆಗದೇ ಇದ್ರೆ ಒಣ ಕೋಲಲ್ಲಿ ತಳ್ಳಿ ಬಿಡಿಸ್ಬೇಕು."

ಯಶಸ್ವಿನಿ ತಲೆಯೆತ್ತಿ ಬಾಗಿಲಲ್ಲಿದ್ದ ತಾಯಿಯನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೈ ಚಾಚಿ ವೈರು ಎತ್ತಿಕೊಂಡಳು.

ಪ್ರೇಮಲತಾಗೆ ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಅನ್ನ ಬಡಿಸುವ ಹೊತ್ತಿಗೆ ಇನ್ನೊಂದು ಭಾರ ಬಂದು ಕೂತಿತು. ಗಂಡ ಸತ್ತ ದಿನ, ತೆಂಗಿನಕಾಯಿ ಕೀಳುವ ಬಿದಿರಿನ ದೋಟಿ ಬಾಗಿಲ ಹಿಂದೆಯೇ ಒರಗಿತ್ತು, ಒಣಗಿದ ದೋಟಿ.

ಸಂಜೆ ಯಶಸ್ವಿನಿ ಮೇಡಂ ಕೊಟ್ಟ ಸೆಲ್ಲು, ಬಲ್ಬು ಜೋಡಿಸಿ ಅಜ್ಜಿಯ ಮುಂದೆ ಇಟ್ಟಳು. ಚಾಕು ಇಟ್ಟು ತೋರಿಸಿದಳು, ಮುದ್ದೆ ಕೋಲು ಇಟ್ಟು ತೋರಿಸಿದಳು, ಮೇಡಂ ಹೇಳಿದ್ದನ್ನೆಲ್ಲ ಹೇಳಿದಳು.

"ನಿಮ್ಮವ್ವ ಮುಟ್ಟಿದ್ರೆ?" ಎಂದು ರಂಗಲಕ್ಷ್ಮಮ್ಮ ಕೇಳಿದಳು.

"ಅವ್ವನೂ ಇರ್ತಿರ್ಲಿಲ್ಲ ಅಜ್ಜಿ."

ಮುದುಕಿ ಮುದ್ದೆ ಕೋಲನ್ನು ಕೈಗೆತ್ತಿಕೊಂಡಳು. "ಕೋಲಲ್ಲಿ ತಳ್ಳಿದ್ರೆ?"

ಒಲೆಯ ಮುಂದಿದ್ದ ಪ್ರೇಮಲತಾ ತಿರುಗಿ ಕೂತಳು.

"ಉಳೀತಿದ್ರೇನೋ ಅತ್ತೆ. ದೋಟಿ ಬಾಗ್ಲ ಹಿಂದೇನೇ ಇತ್ತು. ನಂಗೆ ಗೊತ್ತಿರ್ಲಿಲ್ಲ."

ರಂಗಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಂಗೆ ಗೊತ್ತಿತ್ತಾ? ಊರಲ್ಲಿ ಯಾರಿಗ್ ಗೊತ್ತಿತ್ತು, ಬುಡು."

ಬೆಳಿಗ್ಗೆ ಸೊಸೆ ಶಾಲೆಗೆ ಹೊರಟಾಗ ಮುದುಕಿಯೂ ಚಪ್ಪಲಿ ಮೆಟ್ಟಿದಳು. ಪಕ್ಕದ ಮನೆಯ ಸಿದ್ದಲಕ್ಷ್ಮಮ್ಮ ಎಲ್ಲಿಗೆಂದು ಕೇಳಿದಳು.

"ಆ ಮೇಡಂ ಹತ್ರ. ನಮ್ ಹೆಂಗಸ್ರಿಗೂ ಒಂದಿನ ಹೇಳ್ಕೊಡಿ ಅಂತ ಕೇಳಕ್ಕೆ. ನೀನೂ ಬಾ" ಎಂದು ರಂಗಲಕ್ಷ್ಮಮ್ಮ ಸೊಸೆಯ ಹೆಗಲ ಮೇಲೆ ಕೈಯೂರಿ ಮೆಟ್ಟಿಲಿಳಿದಳು.