ಕುಳ್ಳ ಜೋಳದ ಅಳತೆ

ಗಾಜಿನ ಮನೆಯ ಬಾಗಿಲು ತಳ್ಳಿ ಒಳಗೆ ಬಂದ ವಿಜ್ಞಾನಿ ನಿಂತಲ್ಲೇ ನಿಂತುಬಿಟ್ಟ. ಬೆನ್ನ ಹಿಂದೆ ಅವನ ತಳಿಯನ್ನು ಪ್ರಶಸ್ತಿಗೆ ಪರಿಶೀಲಿಸಲು ಬಂದ ಆಯ್ಕೆ ಸಮಿತಿಯ ಮೂವರಿದ್ದರು. ಅವರಿಗೆ ದಾರಿ ಬಿಡಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ. ಸಾಲಿನ ತುದಿಯಲ್ಲಿ ನೀರಿನ ಪೈಪು ಸುತ್ತುತ್ತಿದ್ದ ಸಹಾಯಕಿ ಓರೆಗಣ್ಣಿನಲ್ಲಿ ಅವನ ಮುಖ ನೋಡಿದಳು. ಎರಡು ವರ್ಷದಿಂದ ಅವಳು ಕಾದಿದ್ದ ಮುಖ ಅದು.

ಮೊಣಕಾಲೆತ್ತರ ದಾಟಬಾರದಿದ್ದ ಇಪ್ಪತ್ತು ಮೆಕ್ಕೆಜೋಳದ ಗಿಡಗಳು ಅವನ ಎದೆಮಟ್ಟಕ್ಕೆ, ಅವಳ ಗಲ್ಲಕ್ಕೆ ಬಂದಿದ್ದವು.

ಆ ತಳಿಯ ಮೊದಲ ಗಿಡವನ್ನು ಕಂಡವಳು ಅವಳೇ. ಸಾವಿರಾರು ಸಸಿಗಳ ನಡುವೆ ಒಂದು ಮಾತ್ರ ಮೇಲೇಳದೆ, ಕಡುಹಸಿರಾಗಿ ಮುದುಡಿ ಕೂತಿತ್ತು. "ರೋಗದ ಗಿಡ, ಕಿತ್ತು ಬಿಸಾಕು" ಎಂದಿದ್ದ ಅವನು. ಅವಳು ಕುಂಡಕ್ಕೆ ಹಾಕಿ ಸಾಕಿದಳು, ಕಾಗದದ ಚೀಲ ಕಟ್ಟಿ ತಾನೇ ಪರಾಗ ಉದುರಿಸಿದಳು, ಬೀಜ ತೆಗೆದಳು. ಮರಿಗಳೂ ಕುಳ್ಳಾದಾಗ ಅವನಿಗೆ ಗಿಡದ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ಲೇಖನ ಅಚ್ಚಾಯಿತು: ಅವನ ಹೆಸರು, ಅವನ ಅಳಿಯನ ಹೆಸರು. ಕೃತಜ್ಞತೆಯ ಸಾಲಿನಲ್ಲಿ ಕಟ್ಟಡದ ವಿದ್ಯುತ್ ವಿಭಾಗವೂ ಇತ್ತು, ಅವಳಿರಲಿಲ್ಲ.

ಅದನ್ನಾದರೂ ನುಂಗಿಕೊಂಡಾಳು. ಆದರೆ ಬೆಳವಣಿಗೆಯ ಹಾರ್ಮೋನು ಜಿಬ್ಬರೆಲಿನ್ ಎಷ್ಟು ಸುರಿದರೂ ಈ ಗಿಡ ಏಳುವುದಿಲ್ಲ, ಇಂಥ ಕುಳ್ಳ ಜೋಳ ಬೇರೆಲ್ಲೂ ಇಲ್ಲ ಎಂದು ಅವನು ವರದಿ ಬರೆದಿದ್ದ. ಯಾರೂ ಪರೀಕ್ಷಿಸಿರಲಿಲ್ಲ. ಅವಳು ಪರೀಕ್ಷಿಸಿದಳು. ಎರಡು ಕುಂಡಗಳ ಗಿಡಗಳು ಸರಸರನೆ ಎದ್ದವು. ಆ ಗಿಡಕ್ಕೆ ಹಾರ್ಮೋನು ತಯಾರಿಸಿಕೊಳ್ಳಲು ಬರುತ್ತಿರಲಿಲ್ಲ, ಅಷ್ಟೇ. ಹೊರಗಿನಿಂದ ಕೊಟ್ಟರೆ ಎಲ್ಲರ ಹಾಗೆ ಬೆಳೆಯುತ್ತಿತ್ತು. ಕುಂಡಗಳನ್ನು ಎತ್ತಿಕೊಂಡು ಅವನ ಕೋಣೆಗೆ ಹೋದಳು. ಅವನು ಎದ್ದು ಬಾಗಿಲು ಹಾಕಿದ.

"ಇವೆರಡನ್ನೂ ಈಗ್ಲೇ ಕಿತ್ತುಹಾಕು. ಕುಳ್ಳಿಗ್ಯಾಕೆ ಎತ್ತರದ ಚಿಂತೆ?"

ಅವತ್ತೇ ಮಧ್ಯಾಹ್ನ ಅತಿಥಿಗಳ ಮುಂದೆ ಅವಳತ್ತ ಕೈ ತೋರಿಸಿ, "ಇವಳಾ? ನೀರು ಹಾಕೋಳು" ಎಂದ.

ಮನೆಯಲ್ಲಿ ಹೇಳಿದಾಗ ಗಂಡ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. "ಹೋಗ್ಲಿ ಬಿಡೇ. ದೊಡ್ಡೋರ ಸಹವಾಸ ನಮಗ್ಯಾಕೆ?"

"ಬಿಡ್ತೀನಿ," ಎಂದಳು ಅವಳು. "ಬಿಡೋ ದಿನ ಬರ್ಲಿ."

ಬಂತು. ಸಮಿತಿ ಬರುವ ಮುಂಚೆ ಅವನು ಒಂದು ತಿಂಗಳು ಪ್ರವಾಸ ಹೊರಟ. ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಚಿಟಿಕೆ ಜಿಬ್ಬರೆಲಿನ್ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ನೀರು ಬೆರೆಸಿ, ಇಪ್ಪತ್ತೂ ಗಿಡಗಳಿಗೆ ಸಿಂಪಡಿಸಿದಳು. ಗೆಣ್ಣಿನಿಂದ ಗೆಣ್ಣಿಗೆ ದೂರ ಹೆಚ್ಚಿದಂತೆ ಅವಳಿಗೆ ಊಟ ರುಚಿಸತೊಡಗಿತು.

"ಇದೇನಾ ನಿಮ್ಮ ಕುಳ್ಳ ತಳಿ?" ಸಮಿತಿಯ ಹಿರಿಯಾಕೆ ಕನ್ನಡಕ ಏರಿಸಿಕೊಂಡು ಒಂದು ಎಲೆಯನ್ನು ಬೆಳಕಿಗೆ ಹಿಡಿದರು. "ಬಿಳಿಚ್ಕೊಂಡಿದೆ. ಜಿಬ್ಬರೆಲಿನ್ ಏನಾದ್ರೂ ಸಿಂಪಡಿಸಿದ್ರಾ?"

ಹೌದೆಂದರೆ ವರದಿ ಸುಳ್ಳು. ಇಲ್ಲವೆಂದರೆ ತಳಿಯೇ ಸುಳ್ಳು. ಅವನು ದಾಪುಗಾಲು ಹಾಕಿ ಅವಳ ಬಳಿ ಬಂದು ಹಲ್ಲು ಕಚ್ಚಿ ಕೇಳಿದ: "ಏನು ಹಾಕ್ದೆ?"

"ನೀರು ಸಾರ್," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಾನು ನೀರು ಹಾಕೋಳು ತಾನೆ?"

ಹಿರಿಯಾಕೆ ಇಬ್ಬರನ್ನೂ ಒಂದು ಗಳಿಗೆ ನೋಡಿದರು. "ಅಳತೆ ಆಗ್ಲಿ. ಒಂದೊಂದೂ, ನನ್ನ ಮುಂದೇನೇ. ನೀನು ಓದಮ್ಮ. ನೀವು ಬರ್ಕೊಳ್ಳಿ."

ಅವಳು ಅಳತೆಕೋಲನ್ನು ಮಣ್ಣಿಗೆ ಊರಿದಳು. "ನೂರ ಹದಿನಾಲ್ಕು."

ಅವನ ಪೆನ್ನು ಕದಲಲಿಲ್ಲ. ಅವಳು ಕಾದಳು. ಅವಸರವೇನಿರಲಿಲ್ಲ. "ನೂರ ಹದಿನಾಲ್ಕು ಸಾರ್. ಬರ್ಕೊಂಡ್ರಾ?"

ಬರೆದುಕೊಂಡ. ಎರಡನೆಯದನ್ನೂ ಬರೆದುಕೊಂಡ. ಮೂರನೆಯ ಗಿಡ ತನ್ನ ಭಾರ ತಾನೇ ಹೊರಲಾರದಷ್ಟು ಉದ್ದವಾಗಿತ್ತು. ಮುಟ್ಟುತ್ತಲೇ ಸೋತು ಅವಳ ತೋಳಿನ ಮೇಲೆ ಒರಗಿತು. ಅವಳು ಅದರ ಎಲೆಯನ್ನು ಒಮ್ಮೆ ಸವರಿದಳು. ಆಮೇಲೆ ಅದರ ಕತ್ತನ್ನು ಅಂಗೈಯಲ್ಲಿ ಹಿಡಿದು ಕೋಲಿಗೆ ನೆಟ್ಟಗೆ ಆನಿಸಿ, ಅಳತೆಯನ್ನು ಗಟ್ಟಿಯಾಗಿ ಓದಿದಳು.

ಇನ್ನೂ ಹದಿನೇಳು ಕುಂಡಗಳಿದ್ದವು.